ಪೆಡಲ್ ಬೋರ್ಡ್ ಕಟ್ಟುವುದಾದರೆ ಕರೆಂಟಿನಿಂದ ಶುರು ಮಾಡಿ

ಪ್ರಶ್ನೆ: ನಾನು ಉಡುಪಿ ಹತ್ತಿರದವನು. ಒಂದು ಆರ್ಕೆಸ್ಟ್ರಾ ತಂಡದಲ್ಲಿ ಲೀಡ್ ಗಿಟಾರ್ ನುಡಿಸುತ್ತೇನೆ. ಜಾತ್ರೆಯ ರಸಮಂಜರಿ, ಮದುವೆ ರಿಸೆಪ್ಷನ್, ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ), ಕಾಲೇಜ್ ಡೇ ಅಂತ ತಿಂಗಳಿಗೆ ನಾಲ್ಕೈದು ಕಾರ್ಯಕ್ರಮ ಇರುತ್ತದೆ. ನನ್ನ ಹತ್ತಿರ ಗಿಟಾರಿಗೆ ಜೋಡಿಸಿ ಕಾಲಲ್ಲಿ ಒತ್ತುವ ಏಳು ಪೆಡಲ್ ಇವೆ: ಟ್ಯೂನರ್, ವಾ, ಓವರ್‌ಡ್ರೈವ್, ಡಿಸ್ಟಾರ್ಷನ್ (ಇವೆರಡು ಸದ್ದನ್ನು ಒರಟು ಮಾಡುವವು), ಕೋರಸ್, ಡಿಜಿಟಲ್ ಡಿಲೇ (ನುಡಿಸಿದ್ದನ್ನು ತಡವಾಗಿ ಮತ್ತೆ ಕೇಳಿಸುವುದು), ರಿವರ್ಬ್ (ದೊಡ್ಡ ಕೋಣೆಯ ಪ್ರತಿಧ್ವನಿಯಂಥದ್ದು). ಎಲ್ಲಕ್ಕೂ ಒಂದೇ ಅಡಾಪ್ಟರ್, ಅದರಿಂದ ಏಳು ಕವಲು ಹೋಗುವ ವೈರ್. ಮನೆಯಲ್ಲಿ ಸೊಗಸಾಗಿ ಕೇಳುತ್ತದೆ. ಸ್ಟೇಜಿಗೆ ಹೋದರೆ ಒಂದೇ ಸಮ ಗುಂಯ್ ಅನ್ನುತ್ತದೆ, ಡಿಸ್ಟಾರ್ಷನ್ ಒತ್ತಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗಿರುತ್ತದೆ, ಸೋಲೋ ಬಂದಾಗ ನನ್ನ ಗಿಟಾರ್ ಯಾರಿಗೂ ಕೇಳುವುದೇ ಇಲ್ಲ. ಪೆಡಲ್ ಬದಲಾಯಿಸಬೇಕಾ? ಎಲ್ಲ ಮಾರಿ, ಎಲ್ಲ ಎಫೆಕ್ಟೂ ಒಂದರಲ್ಲೇ ಇರುವ ಮಲ್ಟಿ ಎಫೆಕ್ಟ್ಸ್ ತೆಗೆದುಕೊಳ್ಳಲಾ? ಪೆಡಲ್‌ಗಳನ್ನೆಲ್ಲ ಒಂದು ಹಲಗೆಗೆ ಕೂರಿಸುವ ಬೋರ್ಡ್ ಹೇಗೆ ಕಟ್ಟಲಿ? ವಾ ಪೆಡಲ್ ಈಚೆಗೆ ಕರಕರ ಅನ್ನುತ್ತಿದೆ, ಅದಕ್ಕೂ ಏನಾದರೂ ಹೇಳಿ.

ಉತ್ತರ: ಸದ್ಯಕ್ಕೆ ಯಾವ ಪೆಡಲೂ ಕೊಳ್ಳಬೇಡಿ, ಯಾವುದನ್ನೂ ಮಾರಬೇಡಿ. ನೀವು ಹೇಳಿದ ಮೂರು ತೊಂದರೆಗೂ ಮೂರು ಬೇರೆ ಬೇರೆ ಕಾರಣ. ಮೂರರಲ್ಲಿ ಒಂದೂ ಪೆಡಲಿನ ತಪ್ಪಲ್ಲ. ಗುಂಯ್ ಅನ್ನುವುದು ಕರೆಂಟಿನ ಕಿತಾಪತಿ. ಜೇನು ಹುಳ ಎದ್ದದ್ದು ನಿಮ್ಮ ಸಿಗ್ನಲ್ ಬೋರ್ಡಿನಿಂದ ಹೊರಗೆ ಹೋಗುವ ದಾರಿಯಲ್ಲಿ. ಸೋಲೋ ಮುಳುಗುವುದು ನಾಬ್‌ಗಳನ್ನೆಲ್ಲ ಮನೆಯಲ್ಲಿ ಒಬ್ಬರೇ ಕೂತು ತಿರುಗಿಸಿದ್ದಕ್ಕೆ. ನಮ್ಮ ಹುಡುಗರು ಬೋರ್ಡ್ ಕಟ್ಟುವಾಗ ಮಧ್ಯದಿಂದ ಶುರು ಮಾಡುತ್ತಾರೆ. ಯಾವ ಪೆಡಲ್, ಯಾವ ಬಣ್ಣ, ಯಾವುದರ ಪಕ್ಕ ಯಾವುದು ಅಂತ ತಿಂಗಳುಗಟ್ಟಲೆ ಚರ್ಚೆ. ಕರೆಂಟ್ ಒಳಗೆ ಬರುವ ಜಾಗ, ಸೌಂಡ್ ಹೊರಗೆ ಹೋಗುವ ಜಾಗ ಎರಡನ್ನೂ ಕಡೆಗೆ ಕೈಗೆ ಸಿಕ್ಕಿದ್ದರಲ್ಲಿ ಮುಗಿಸುತ್ತಾರೆ. ನಾನು ಹೇಳುವುದು ಉಲ್ಟಾ: ಆ ಎರಡು ತುದಿ ಮೊದಲು, ಪೆಡಲ್ ಆಮೇಲೆ.

ನಾನೂ ಹೀಗೇ ಬಿದ್ದು ಕಲಿತವನು, ಹಾಗಾಗಿ ಬೈಯುತ್ತಿಲ್ಲ. ಮೂಡುಬಿದಿರೆ ಕಡೆ ಒಂದು ಜಾತ್ರೆ, ರಾತ್ರಿ ಹನ್ನೊಂದರ ಮೇಲೆ ನಮ್ಮ ರಸಮಂಜರಿ. ಜನರೇಟರ್ ಸ್ಟೇಜಿನ ಹಿಂದೆಯೇ ಡಬಡಬ ಅನ್ನುತ್ತಿತ್ತು. ನಿಮ್ಮ ಹಾಗೇ ನನ್ನದೂ ಒಂದೇ ಅಡಾಪ್ಟರ್, ಆ ಹಳೇ ಕಾಲದ ಭಾರದ ಡಬ್ಬಿ. ಲೈಟಿನವರು ಎಲ್ಲ ಫೋಕಸ್ ಒಟ್ಟಿಗೆ ಹಾಕಿದಾಗೆಲ್ಲ ನನ್ನ ಡಿಲೇ ಪೆಡಲಿನ ಕೆಂಪು ದೀಪ ಮಂಕಾಗುತ್ತಿತ್ತು. ಮೂರನೇ ಹಾಡಿನಲ್ಲಿ ಪೂರ್ತಿ ಆರಿ ಮತ್ತೆ ಹತ್ತಿತು. ಅಷ್ಟು ಹೊತ್ತು ನನ್ನ ಗಿಟಾರ್ ಸತ್ತ ಹಾಗೆ. ಮೊಬೈಲ್ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಮೊಣಕಾಲೂರಿ ಒಂದೊಂದೇ ಪಿನ್ ಅಲ್ಲಾಡಿಸುತ್ತಾ ಇದ್ದೆ. ನನ್ನ ಬಿಟ್‌ಗಳನ್ನೆಲ್ಲ ಕೀಬೋರ್ಡಿನವರು ನುಡಿಸಿ ಮರ್ಯಾದೆ ಉಳಿಸಿದರು. ಮುಂದಿನ ಸಾಲಿನಲ್ಲಿ ಕೂತ ಅಜ್ಜ ಒಬ್ಬರು "ಎಂತ ಬಿದ್ದದ್ದು ಮಾರಾಯಾ, ಉಂಗುರವಾ?" ಅಂತ ಕೇಳಿದರು. ಆವತ್ತು ನನ್ನ ಪೆಡಲ್‌ಗಳೆಲ್ಲ ಒಳ್ಳೆಯವೇ ಇದ್ದವು.

ಸರಿ, ಕರೆಂಟಿಗೆ ಬರೋಣ. ಬಹುತೇಕ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ಒಳಭಾಗ ನೆಗೆಟಿವ್, ಹೊರಭಾಗ ಪಾಸಿಟಿವ್. ಇದಕ್ಕೇ ಸೆಂಟರ್ ನೆಗೆಟಿವ್ ಅನ್ನುವುದು. ಕೀಬೋರ್ಡು, ರೂಟರ್, ಮತ್ತೊಂದರ ಅಡಾಪ್ಟರ್ ಹೆಚ್ಚಿನವು ಇದಕ್ಕೆ ಉಲ್ಟಾ ಇರುತ್ತವೆ. ಪಿನ್ ಸರಿಯಾಗಿ ಕೂತಿತು ಅಂತ ಚುಚ್ಚಿದರೆ ಪೆಡಲ್ ಸುಡುವ ಸಾಧ್ಯತೆ ಉಂಟು. ಅಡಾಪ್ಟರ್ ಮೇಲೆ ಒಂದು ಸಣ್ಣ ಚಿತ್ರ ಇರುತ್ತದೆ, ಅದನ್ನು ನೋಡದೆ ಚುಚ್ಚಬೇಡಿ. ಇನ್ನು ಮಿಲಿ ಆಂಪ್, ಅಂದರೆ ಪೆಡಲ್ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವ ಲೆಕ್ಕ. ಓವರ್‌ಡ್ರೈವ್, ಡಿಸ್ಟಾರ್ಷನ್ ತರದ ಅನಲಾಗ್ ಪೆಡಲಿಗೆ ಸಾಮಾನ್ಯವಾಗಿ 5ರಿಂದ 20 ಸಾಕು. ಬಾಸ್ ಕಂಪನಿಯ ಡಿಎಸ್-1 ಅಂತೂ ಬರೇ 4 ಮಿಲಿ ಆಂಪ್ ತಿನ್ನುತ್ತದೆ. ಟ್ಯೂನರಿಗೆ ಸುಮಾರು 30. ಡಿಜಿಟಲ್ ಡಿಲೇ, ರಿವರ್ಬ್ ಇವು ಮಾತ್ರ ಹೊಟ್ಟೆಬಾಕ ಜಾತಿ. 50ರಿಂದ ಹಿಡಿದು 300ರವರೆಗೂ ಹೋಗುತ್ತವೆ. ಪ್ರತಿ ಪೆಡಲಿನ ತಳದಲ್ಲೋ ಮ್ಯಾನುಯಲ್‌ನಲ್ಲೋ ಬರೆದಿರುತ್ತದೆ. ಒಂದು ಚೀಟಿಯಲ್ಲಿ ಬರೆದು ಕೂಡಿಸಿ. ಬಂದ ಮೊತ್ತಕ್ಕಿಂತ ಮೂರನೇ ಒಂದು ಪಾಲಾದರೂ ಜಾಸ್ತಿ ಕೊಡುವ ಪವರ್ ಸಪ್ಲೈ ಬೇಕು.

ಕೆಲವರಿಗೆ ಇಲ್ಲಿ ಒಂದು ಹೆದರಿಕೆ: ನನ್ನ ಪೆಡಲಿಗೆ 10 ಸಾಕು, ಸಪ್ಲೈ 500 ಕೊಡುತ್ತದೆ, ಸುಟ್ಟು ಹೋದರೆ? ಸುಡುವುದಿಲ್ಲ. ಟ್ಯಾಂಕಿಯಲ್ಲಿ ಸಾವಿರ ಲೀಟರ್ ನೀರಿದ್ದರೂ ನಿಮ್ಮ ಚೊಂಬಿಗೆ ಒಂದು ಚೊಂಬೇ ತಾನೇ ಹಿಡಿಯುವುದು. ಮಿಲಿ ಆಂಪ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಪೆಡಲ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ವೋಲ್ಟ್ ಜಾಸ್ತಿ ಆದರೆ ಮಾತ್ರ ಕಷ್ಟ. ಆ ಭಾರದ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳಲ್ಲಿ ಅದೂ ಒಂದು ಸಮಸ್ಯೆ. ರೆಗ್ಯುಲೇಟರ್ ಇಲ್ಲದವು 9 ಅಂತ ಬರೆದುಕೊಂಡು, ಲೋಡ್ ಕಡಿಮೆ ಇದ್ದಾಗ 12, 13 ವೋಲ್ಟ್ ಕೊಡುತ್ತವೆ. ಲೋಡ್ ಬಿದ್ದಾಗ ಕುಸಿಯುತ್ತವೆ. ಮೇಲಿಂದ ಒಂದಿಷ್ಟು ಹಮ್, ಅಂದರೆ ಆ ಗುಂಯ್, ಪುಕ್ಕಟೆ. 100-240 ವೋಲ್ಟ್ ಅಂತ ಬರೆದ ಒಳ್ಳೆ ಅಡಾಪ್ಟರ್ ಆದರೆ ಜನರೇಟರ್ ವೋಲ್ಟೇಜ್ ಸ್ವಲ್ಪ ಏರುಪೇರಾದರೂ ಕ್ಯಾರೇ ಅನ್ನುವುದಿಲ್ಲ.

ಈಗ ನಿಮ್ಮ ಏಳು ಕವಲಿನ ವೈರ್. ಇದಕ್ಕೆ ಡೈಸಿ ಚೈನ್ ಅನ್ನುತ್ತಾರೆ. ಬರೇ ಅನಲಾಗ್ ಪೆಡಲ್ ಇರುವ ಸಣ್ಣ ಬೋರ್ಡಿಗೆ ಇದು ಸಾಕು. ಆದರೆ ಡಿಜಿಟಲ್ ಪೆಡಲ್ ಒಳಗೆ ಒಂದು ಗಡಿಯಾರ ಓಡುತ್ತಾ ಇರುತ್ತದೆ, ಅದರ ಕಿಯ್ ಅನ್ನುವ ಸದ್ದು ಅದೇ ವೈರಿನಲ್ಲಿ ಹಿಂದಕ್ಕೆ ಹರಿದು ಡಿಸ್ಟಾರ್ಷನ್ ಪೆಡಲಿಗೆ ಹೋಗಿ, ಅಲ್ಲಿ ನೂರು ಪಟ್ಟು ದೊಡ್ಡದಾಗಿ ಹೊರಗೆ ಬರುತ್ತದೆ. ಪರೀಕ್ಷೆ ಸುಲಭ. ಡಿಲೇ ಮತ್ತು ರಿವರ್ಬಿನ ಪವರ್ ಪಿನ್ ಎಳೆಯಿರಿ, ಅವೆರಡನ್ನು ಬಿಟ್ಟು ಉಳಿದದ್ದಷ್ಟೇ ಜೋಡಿಸಿ ಡಿಸ್ಟಾರ್ಷನ್ ಒತ್ತಿ. ಸದ್ದು ಅರ್ಧಕ್ಕರ್ಧ ಇಳಿದರೆ ಕಳ್ಳ ಸಿಕ್ಕಿದ ಹಾಗೆ. ಪರಿಹಾರ: ಪ್ರತಿ ಔಟ್‌ಪುಟ್ಟೂ ಬೇರೆ ಬೇರೆಯಾಗಿರುವ ಐಸೊಲೇಟೆಡ್ ಪವರ್ ಸಪ್ಲೈ. ನಿಮ್ಮ ಬೋರ್ಡಿನಲ್ಲಿ ದುಡ್ಡು ಹಾಕುವುದಾದರೆ ಮೊದಲ ದುಡ್ಡು ಇದಕ್ಕೆ.

ಕೊಳ್ಳುವಾಗ ಒಂದು ಎಚ್ಚರಿಕೆ. ಡಬ್ಬಿಯ ಮೇಲೆ ಐಸೊಲೇಟೆಡ್ ಅಂತ ದೊಡ್ಡದಾಗಿ ಬರೆದು, ಒಳಗೆ ಎಲ್ಲ ಒಂದಕ್ಕೊಂದು ಸೇರಿಸಿಟ್ಟ ಅಗ್ಗದ ಮಾಲು ಬೇಕಾದಷ್ಟು ಉಂಟು. ಮಲ್ಟಿಮೀಟರ್ ಇದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಸಪ್ಲೈಯನ್ನು ಗೋಡೆಯ ಪ್ಲಗ್‌ನಿಂದ ತೆಗೆದುಬಿಡಿ. ಮೀಟರನ್ನು ಬೀಪ್ ಸದ್ದಿನ ಕಂಟಿನ್ಯುಟಿಗೆ ಇಡಿ. ಎರಡು ಔಟ್‌ಪುಟ್‌ಗಳಿಗೆ ಎರಡು ವೈರ್ ಚುಚ್ಚಿ, ಎರಡರ ಪಿನ್ನಿನ ಒಳಭಾಗಕ್ಕೆ ಮೀಟರಿನ ಎರಡು ಕಡ್ಡಿ ತಾಗಿಸಿ. ಬೀಪ್ ಅಂದರೆ ನೆಗೆಟಿವ್ ಎಲ್ಲ ಒಂದೇ, ಅಂದರೆ ಅದು ಚಂದದ ಡಬ್ಬಿಯಲ್ಲಿಟ್ಟ ಡೈಸಿ ಚೈನ್. ಅಂಗಡಿಯವರಿಗೆ ನಗುನಗುತ್ತಾ ವಾಪಸ್ ಕೊಡಿ.

ಆದರೆ ಎಲ್ಲ ಗುಂಯ್ಯೂ ಪೆಡಲಿನ ಕರೆಂಟಿನದ್ದಲ್ಲ. ಗಿಟಾರನ್ನು ನೇರ ಆಂಪಿಗೆ, ಅಂದರೆ ಗಿಟಾರ್ ಆಂಪ್ಲಿಫೈಯರಿಗೆ ಚುಚ್ಚಿ, ಬೋರ್ಡೇ ಬೇಡ. ಆಗಲೂ ಹಮ್ ಇದ್ದರೆ ನಿಂತಲ್ಲೇ ನಿಧಾನ ತಿರುಗಿ. ಪೂರ್ವಕ್ಕೆ ಮುಖ ಮಾಡಿದಾಗ ಜಾಸ್ತಿ, ಉತ್ತರಕ್ಕೆ ತಿರುಗಿದಾಗ ಕಡಿಮೆ ಆಯಿತೋ? ಹಾಗಾದರೆ ನಿಮ್ಮ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅದುರುವಿಕೆ ಹಿಡಿಯುವ ಒಂದೇ ಸುರುಳಿಯ ಭಾಗ) ಹತ್ತಿರದ ಲೈಟ್ ಡಿಮ್ಮರನ್ನೋ ಎಲ್‌ಇಡಿ ಪರದೆಯನ್ನೋ ಹಿಡಿಯುತ್ತಿದೆ. ಅದಕ್ಕೆ ಪೆಡಲ್ ಮದ್ದಲ್ಲ, ಎರಡು ಹೆಜ್ಜೆ ಪಕ್ಕಕ್ಕೆ ಸರಿಯುವುದೇ ಮದ್ದು. ತಂತಿ ಮುಟ್ಟಿದಾಗ ಹಮ್ ಸ್ವಲ್ಪ ಇಳಿದರೆ ಅದು ಮಾಮೂಲು, ಹೆದರಬೇಡಿ.

ತಂತಿ ಮುಟ್ಟಿದಾಗ ಕೈ ಜುಂ ಅಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಗಿಟಾರಿನ ತಂತಿ ಒಂದು ಕಡೆಯ ಅರ್ತ್‌ಗೆ ಸೇರಿರುತ್ತದೆ, ಬಾಯಿಯ ಮುಂದಿನ ಮೈಕ್ ಇನ್ನೊಂದು ಕಡೆಯದ್ದಕ್ಕೆ. ಎರಡರಲ್ಲಿ ಒಂದಕ್ಕೆ ಅರ್ತ್ ಸರಿಯಿಲ್ಲದೆ ಕರೆಂಟ್ ಹೊಕ್ಕಿದ್ದರೆ, ಮಧ್ಯದ ವೈರ್ ನೀವೇ. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವಿ ಅರ್ತ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ತೀರಿಹೋದರು. ನಮ್ಮಲ್ಲಂತೂ ಗದ್ದೆಯಲ್ಲಿ ಶಾಮಿಯಾನ, ಕೆಳಗೆ ಒದ್ದೆ ಮಣ್ಣು, ಬೆವರಿದ ಕೈ, ಕೆಲವೊಮ್ಮೆ ಬರಿಗಾಲು. ಹಾಡುವ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಇಡಿಸಿ ನೋಡಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಸೌಂಡಿನವರು ಸರಿ ಮಾಡುವವರೆಗೆ ಮೈಕ್ ಹತ್ತಿರ ಹೋಗಬೇಡಿ. ಹಮ್ ಹೋಗುತ್ತದೆ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯುವ ಬುದ್ಧಿವಂತರು ಇದ್ದಾರೆ. ಅವರ ಮಾತು ಕೇಳಬೇಡಿ, ಅವರು ಮುರಿದ ಪ್ಲಗ್ ಬಳಸಬೇಡಿ. ಇನ್ನೊಂದು, ನಿಮ್ಮ ಬೋರ್ಡಿಗೂ ಆಂಪಿಗೂ ಕರೆಂಟನ್ನು ಯಾವಾಗಲೂ ಸೌಂಡಿನವರ ಲೈನಿನಿಂದಲೇ ಕೇಳಿ ತೆಗೆದುಕೊಳ್ಳಿ. ಲೈಟಿನವರ ಬಾಕ್ಸ್ ಹತ್ತಿರ ಇದೆ ಅಂತ ಅಲ್ಲಿ ಚುಚ್ಚಬಾರದು.

ಈಗ ಆ ಜೇನು ಹುಳ. ನಿಮ್ಮ ಪತ್ರದಲ್ಲಿ ಆಂಪ್ ಎಂಬ ಮಾತೇ ಇಲ್ಲ. ಊಹಿಸುತ್ತೇನೆ: ಕೊನೆಯ ಪೆಡಲಿನಿಂದ ವೈರ್ ಎಳೆದು ನೇರ ಮಿಕ್ಸರಿಗೆ ಕೊಡುತ್ತೀರಿ. ನಮ್ಮ ಕಡೆ ಹತ್ತರಲ್ಲಿ ಎಂಟು ಸ್ಟೇಜಿನಲ್ಲಿ ನಾನು ಕಂಡದ್ದು ಇದೇ, ಗಿಟಾರ್ ಆಂಪ್ ತಂದಿಡುವವರು ಕಡಿಮೆ. ವಿಷಯ ಏನೆಂದರೆ, ಡಿಸ್ಟಾರ್ಷನ್ ಪೆಡಲನ್ನು ಮಾಡಿರುವುದೇ ಗಿಟಾರ್ ಆಂಪಿನ ಸ್ಪೀಕರಿಗೆ ಅಂತ. ಆ ಸ್ಪೀಕರ್ ಸುಮಾರು 5 ಕಿಲೋ ಹರ್ಟ್ಸ್ ದಾಟಿದ ಮೇಲೆ ಏನನ್ನೂ ಹೆಚ್ಚಾಗಿ ಕೇಳಿಸುವುದಿಲ್ಲ, ಡಿಸ್ಟಾರ್ಷನ್ನಿನ ಸಿರಸಿರ ಎಲ್ಲ ಅಲ್ಲೇ ಸೋಸಿಹೋಗುತ್ತದೆ. ಸ್ಟೇಜಿನ ದೊಡ್ಡ ಬಾಕ್ಸ್‌ಗಳಲ್ಲಿ ಟ್ವೀಟರ್ ಇರುತ್ತದೆ, ಅದು 15 ಕಿಲೋ ಹರ್ಟ್ಸ್‌ವರೆಗೂ ಇದ್ದದ್ದೆಲ್ಲ ಊರಿಗೆ ಕೇಳಿಸುತ್ತದೆ. ಕಾಫಿಯನ್ನು ಸೋಸದೆ ಗಷ್ಟು ಸಮೇತ ಲೋಟಕ್ಕೆ ಹಾಕಿದ ಹಾಗೆ. ಕಾಫಿ ಪುಡಿ ಬದಲಿಸಿದರೆ ಗಷ್ಟು ಹೋಗುತ್ತದಾ?

ನಿಮಗೆ ಬೇಕಾದದ್ದು ಆ ಸೋಸಣಿಗೆ. ಕ್ಯಾಬಿನೆಟ್ ಸಿಮ್ಯುಲೇಟರ್ ಅಂತ ಸಣ್ಣ ಪೆಡಲ್ ಬರುತ್ತದೆ. ಕೆಲವು ಅನಲಾಗ್, ಕೆಲವು ಐಆರ್ ಅಂದರೆ ಇಂಪಲ್ಸ್ ರೆಸ್ಪಾನ್ಸ್ ಎಂಬ ಫೈಲ್ ಹಾಕಿಕೊಳ್ಳುವವು. ಒಂದು ನಿಜವಾದ ಸ್ಪೀಕರ್ ಮುಂದೆ ಮೈಕ್ ಇಟ್ಟು ಅದು ಹೇಗೆ ಕೇಳಿಸುತ್ತದೆ ಅನ್ನುವುದರ ಅಚ್ಚು ಅದು. ಎಲ್ಲ ಪೆಡಲ್ ಆದ ಮೇಲೆ ಕಟ್ಟಕಡೆಗೆ ಇದನ್ನು ಇಡಿ. ಎಕ್ಸ್‌ಎಲ್‌ಆರ್ ಔಟ್‌ಪುಟ್ (ಮೈಕಿನ ವೈರಿಗೆ ಇರುವಂಥ ಮೂರು ಪಿನ್ನಿನದ್ದು) ಇರುವುದನ್ನೇ ತೆಗೆದುಕೊಳ್ಳಿ. ಇಲ್ಲವಾದರೆ ಪಕ್ಕದಲ್ಲಿ ಒಂದು ಡಿಐ ಬಾಕ್ಸ್ ಬೇಕಾಗುತ್ತದೆ. ಸ್ಟೇಜಿನಿಂದ ಮಿಕ್ಸರಿಗೆ 30 ಮೀಟರ್ ಸಾಮಾನ್ಯ ಗಿಟಾರ್ ವೈರ್ ಎಳೆದರೆ ದಾರಿಯಲ್ಲಿ ಸಿಕ್ಕಿದ ಹಮ್ಮನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ಡಿಐ ಬಾಕ್ಸ್ ಸಿಗ್ನಲನ್ನು ಬ್ಯಾಲೆನ್ಸ್ಡ್ ಮಾಡಿ ಕಳಿಸುವುದರಿಂದ ಆ ತಲೆನೋವಿಲ್ಲ. ಅದರ ಮೇಲೆ ಗ್ರೌಂಡ್ ಲಿಫ್ಟ್ ಅಂತ ಸಣ್ಣ ಸ್ವಿಚ್ ಇರುತ್ತದೆ. ಆಂಪಿಗೂ ಮಿಕ್ಸರಿಗೂ ಎರಡೂ ಕಡೆ ಕೊಟ್ಟಾಗ ಗುಂಯ್ ಬಂದರೆ ಅದನ್ನು ಒತ್ತಿ ನೋಡಿ. ಸಿಗ್ನಲ್ ವೈರಿನ ಗ್ರೌಂಡ್ ಬಿಡಿಸುವುದರಿಂದ ಅಪಾಯ ಇಲ್ಲ, ಕರೆಂಟಿನ ಅರ್ತ್ ತೆಗೆಯುವುದೇ ಅಪಾಯ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ದುಡ್ಡು ಆಗುವವರೆಗೆ ಒಂದು ಉಪಾಯ: ಸೌಂಡಿನವರ ಹತ್ತಿರ ನಿಮ್ಮ ಚಾನೆಲ್‌ನಲ್ಲಿ ಹೈ ಪೂರ್ತಿ ಇಳಿಸಲು ಹೇಳಿ. ಚಂದ ಆಗುವುದಿಲ್ಲ, ಆದರೆ ಕಿವಿಗೆ ಚುಚ್ಚುವುದಿಲ್ಲ.

ಈಗ ಪೆಡಲಿನ ಸಾಲು. ಇದರ ಬಗ್ಗೆ ಊರೆಲ್ಲ ಮಾತಾಡುತ್ತದೆ, ನಾನು ಬೇಗ ಮುಗಿಸುತ್ತೇನೆ. ಗಿಟಾರಿನಿಂದ ಮೊದಲು ಟ್ಯೂನರ್, ಆಮೇಲೆ ವಾ, ಓವರ್‌ಡ್ರೈವ್, ಡಿಸ್ಟಾರ್ಷನ್, ಕೋರಸ್, ಡಿಲೇ, ರಿವರ್ಬ್, ಕೊನೆಗೆ ಆ ಸೋಸಣಿಗೆ. ಡಿಲೇಯನ್ನು ಡಿಸ್ಟಾರ್ಷನ್ನಿಗಿಂತ ಮೊದಲು ಇಟ್ಟರೆ ಹಿಂದಿನ ಸ್ವರ, ಈಗಿನ ಸ್ವರ ಎಲ್ಲ ಒಟ್ಟಿಗೆ ಹರಿದು ಗಂಜಿ ಆಗುತ್ತದೆ. ಬೇಕಂತಲೇ ಹಾಗೆ ಮಾಡುವವರೂ ಇದ್ದಾರೆ, ಅದು ಬೇರೆ. ಮುಂದೆ ಯಾವಾಗಾದರೂ ಹಳೇ ಮಾದರಿಯ ಫಝ್ ಪೆಡಲ್ (ಅದೂ ಸದ್ದನ್ನು ಒರಟು ಮಾಡುವ ಜಾತಿಯದ್ದೇ) ತಂದರೆ ಅದನ್ನು ಮಾತ್ರ ಟ್ಯೂನರಿಗಿಂತಲೂ ಮೊದಲು ಇಡಿ. ಅದಕ್ಕೆ ಗಿಟಾರ್ ನೇರ ಸಿಗಬೇಕು, ಮಧ್ಯೆ ಬಫರ್ ಬಂದರೆ ಸದ್ದು ಕೆಡುತ್ತದೆ.

ಬಫರ್ ಅಂದೆ, ಅದನ್ನೂ ಹೇಳಿಬಿಡುತ್ತೇನೆ. ಗಿಟಾರಿನ ಪಿಕಪ್‌ನಿಂದ ಬರುವ ಸಿಗ್ನಲ್ ಬಡಪಾಯಿ. ವೈರ್ ಉದ್ದ ಆದಷ್ಟೂ ಅದರ ಮೇಲಿನ ಸ್ವರಗಳ ಮಿಂಚು ಸೋರಿಹೋಗುತ್ತದೆ. ಗಿಟಾರಿನಿಂದ ಬೋರ್ಡಿಗೆ ಆರು ಮೀಟರ್, ಬೋರ್ಡಿನಿಂದ ಆಂಪಿಗೆ ಆರು ಮೀಟರ್, ಮಧ್ಯೆ ಟ್ರೂ ಬೈಪಾಸ್ ಪೆಡಲ್‌ಗಳು (ಆಫ್ ಇದ್ದಾಗ ಸಿಗ್ನಲನ್ನು ಮುಟ್ಟದೆ ನೇರ ದಾಟಿಸುವವು) ಎಲ್ಲ ಆಫ್ ಇದ್ದರೆ ಪಿಕಪ್ ಪಾಲಿಗೆ ಅದು ಒಂದೇ ಉದ್ದದ ವೈರ್. ಎಲ್ಲೋ ಒಂದು ಕಡೆ ಬಫರ್, ಅಂದರೆ ಸಿಗ್ನಲಿಗೆ ಬಲ ತುಂಬಿ ಮುಂದೆ ಕಳಿಸುವ ಸಣ್ಣ ಸರ್ಕ್ಯೂಟ್, ಬೇಕು. ನಿಮ್ಮ ಟ್ಯೂನರ್ ಬಾಸ್ ಕಂಪನಿಯದ್ದಾದರೆ ಅದರಲ್ಲೇ ಉಂಟು, ಬೇರೆ ತರುವುದು ಬೇಡ. ಟ್ರೂ ಬೈಪಾಸ್ ಅಂದರೆ ಶುದ್ಧ ತುಪ್ಪ, ಬಫರ್ ಅಂದರೆ ಕಲಬೆರಕೆ ಅಂತ ವಾದ ಮಾಡುವವರ ಜೊತೆ ಸುಮ್ನೆ ಜಗಳ ಬೇಡ. ಗಿಟಾರನ್ನು ಒಮ್ಮೆ ನೇರ ಚುಚ್ಚಿ ಕೇಳಿ, ಇನ್ನೊಮ್ಮೆ ಎಲ್ಲ ಪೆಡಲ್ ಆಫ್ ಇಟ್ಟು ಬೋರ್ಡಿನ ಮೂಲಕ ಕೇಳಿ. ವ್ಯತ್ಯಾಸ ಗೊತ್ತಾಗದಿದ್ದರೆ ಸಾಕು.

ಸೋಲೋ ಯಾಕೆ ಮುಳುಗುತ್ತದೆ ಅನ್ನುವುದು ನನಗೆ ಎಲ್ಲಕ್ಕಿಂತ ಇಷ್ಟದ ಪ್ರಶ್ನೆ. ಮನೆಯಲ್ಲಿ ಸಣ್ಣ ಸದ್ದಿನಲ್ಲಿ ನುಡಿಸುವಾಗ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು 1933ರಲ್ಲೇ ಇದನ್ನು ಅಳೆದು ಗ್ರಾಫ್ ಮಾಡಿಟ್ಟಿದ್ದಾರೆ. ಹಾಗಾಗಿ ನಾವು ಮನೆಯಲ್ಲಿ ಬಾಸ್ ಏರಿಸುತ್ತೇವೆ. ಟ್ರೆಬಲ್ ಕೂಡ ಏರಿಸುತ್ತೇವೆ. ಮಿಡ್ ಇಳಿಸುತ್ತೇವೆ. ಒಬ್ಬರೇ ನುಡಿಸುವಾಗ ಆ ಸದ್ದು ದೊಡ್ಡದಾಗಿ, ಸಿನಿಮಾದ ಹಾಗೆ ಕೇಳುತ್ತದೆ. ಸ್ಟೇಜಿಗೆ ಹೋದಾಗ ಏನಾಗುತ್ತದೆ? ಕೆಳಗೆ ಬಾಸ್ ಗಿಟಾರ್, ಡ್ರಮ್ಮಿನ ಕಿಕ್, ಕೀಬೋರ್ಡಿನವರ ಎಡಗೈ. ಮೇಲೆ ಸಿಂಬಲ್. ನೀವು ಏರಿಸಿದ ಎರಡೂ ಜಾಗದಲ್ಲಿ ಆಗಲೇ ಜನ ಕೂತಿದ್ದಾರೆ. ಖಾಲಿ ಇದ್ದ ಸೀಟು ಮಧ್ಯದ್ದು, ಅದನ್ನು ನೀವೇ ಇಳಿಸಿಕೊಂಡು ಬಂದಿದ್ದೀರಿ. ಕುಂದಾಪುರದ ಬಸ್ಸಿನಲ್ಲಿ ಸೀಟ್ ಬಿಟ್ಟು ಫುಟ್‌ಬೋರ್ಡಿನಲ್ಲಿ ನೇತಾಡಿದ ಹಾಗಾಯ್ತಲ್ವಾ?

ಟ್ಯೂಬ್ ಸ್ಕ್ರೀಮರ್ ಎಂಬ ಹಸಿರು ಓವರ್‌ಡ್ರೈವ್ ಇಷ್ಟು ವರ್ಷವಾದರೂ ಸ್ಟೇಜ್ ಬಿಟ್ಟು ಹೋಗದಿರುವುದಕ್ಕೆ ಕಾರಣ ಇದೇ. ಅದು ಬಾಸ್ ಕತ್ತರಿಸಿ, ಸುಮಾರು 720 ಹರ್ಟ್ಸ್ ಆಸುಪಾಸಿನ ಮಿಡ್ಡನ್ನು ಉಬ್ಬಿಸುತ್ತದೆ. ಒಬ್ಬರೇ ಕೇಳಿದರೆ ಮೂಗಿನಲ್ಲಿ ಮಾತಾಡಿದ ಹಾಗಿರುತ್ತದೆ, ತಂಡದ ಮಧ್ಯೆ ಮಾತ್ರ ಸರಿಯಾಗಿ ಎದ್ದು ನಿಲ್ಲುತ್ತದೆ. ಅಭ್ಯಾಸದ ದಿನ ಡ್ರಮ್ಮರ್ ಮತ್ತು ಕೀಬೋರ್ಡಿನವರು ಪೂರ್ತಿ ಸದ್ದಿನಲ್ಲಿ ನುಡಿಸುವಾಗಲೇ ನಿಮ್ಮ ನಾಬ್‌ಗಳನ್ನು ಹೊಂದಿಸಿ. ಗೇನ್ (ಸದ್ದು ಎಷ್ಟು ಒರಟಾಗಬೇಕು ಅನ್ನುವ ನಾಬ್) ಮನೆಯಲ್ಲಿಟ್ಟದ್ದಕ್ಕಿಂತ ಕಾಲು ಭಾಗ ಇಳಿಸಿ. ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಬ್ಯಾಗಿನಲ್ಲಿ ನಾಬ್ ತಿರುಗಿಹೋದರೆ ಬೇಕಾಗುತ್ತದೆ.

ಸೋಲೋಗೆ ಏರಿಸುವುದು ಹೇಗೆ? ಡಿಸ್ಟಾರ್ಷನ್ನಿಗೆ ಮೊದಲು ಬೂಸ್ಟ್ ಕೊಟ್ಟರೆ ಸದ್ದು ಏರುವುದಿಲ್ಲ, ಇನ್ನಷ್ಟು ಒಡೆಯುತ್ತದೆ ಅಷ್ಟೇ. ಏಕೆಂದರೆ ಡಿಸ್ಟಾರ್ಷನ್ ಆಗಲೇ ತುಂಬಿದ ಕೊಡ. ಸದ್ದು ಏರಬೇಕಾದರೆ ಬೂಸ್ಟ್ ಡಿಸ್ಟಾರ್ಷನ್ ಆದ ಮೇಲೆ, ಡಿಲೇಗೆ ಮೊದಲು ಇರಬೇಕು. ಬೇರೆ ಪೆಡಲ್ ಬೇಡ. ನಿಮ್ಮ ಓವರ್‌ಡ್ರೈವನ್ನೇ ಡಿಸ್ಟಾರ್ಷನ್ನಿನ ನಂತರಕ್ಕೆ ತಂದು, ಅದರ ಡ್ರೈವ್ ಪೂರ್ತಿ ಇಳಿಸಿ ಲೆವೆಲ್ ಏರಿಸಿ ನೋಡಿ. ಮೇಲೆ ಹೇಳಿದ ಸಾಲನ್ನು ನಾನೇ ಮುರಿಯುತ್ತಿದ್ದೇನೆ ಅಂತ ಗೊತ್ತು. ಸಾಲು ಇರುವುದು ನಮಗಾಗಿ ತಾನೇ. ಮೂರರಿಂದ ಆರು ಡೆಸಿಬಲ್ ಏರಿದರೆ ಸಾಕು. ಅದಕ್ಕಿಂತ ಸುಲಭದ್ದೂ ಒಂದಿದೆ, ಖರ್ಚಿಲ್ಲದ್ದು: ಹಾಡಿನುದ್ದಕ್ಕೂ ಗಿಟಾರಿನ ವಾಲ್ಯೂಮ್ ಏಳರಲ್ಲಿಟ್ಟು ನುಡಿಸಿ, ಸೋಲೋಗೆ ಹತ್ತಕ್ಕೆ ತಿರುಗಿಸಿ. ಕ್ಲೀನ್ ಮತ್ತು ಸ್ವಲ್ಪ ಗೇನ್ ಇರುವ ಹಾಡಿಗೆ ಇದು ಸಾಕಾಗುತ್ತದೆ. ಮತ್ತು ಸೌಂಡಿನವರಿಗೆ ಮೊದಲೇ ಹೇಳಿ, "ಸೋಲೋ ಬಂದಾಗ ನಾನೇ ಏರಿಸುತ್ತೇನೆ, ನೀವು ಇಳಿಸಬೇಡಿ" ಅಂತ. ಹೇಳದಿದ್ದರೆ ನೀವು ಏರಿಸುತ್ತೀರಿ, ಅವರು ಗಾಬರಿಯಾಗಿ ಇಳಿಸುತ್ತಾರೆ.

ರಿವರ್ಬ್ ವಿಷಯದಲ್ಲಿ ಜಾಗ ನೋಡಿ ಕೈ ಹಾಕಿ. ಹಾಲ್ ಒಳಗೆ, ಮಂಗಳೂರಿನ ಪುರಭವನದಂಥ ಕಡೆ, ಗೋಡೆಗಳೇ ಸಾಕಷ್ಟು ರಿವರ್ಬ್ ಕೊಡುತ್ತವೆ. ನಿಮ್ಮದನ್ನು ಹೆಚ್ಚುಕಡಿಮೆ ಆಫ್ ಮಾಡಬಹುದು. ನೆಹರೂ ಮೈದಾನದಲ್ಲೋ ಪಣಂಬೂರು ಬೀಚಿನಲ್ಲೋ ಆದರೆ ಸದ್ದು ಹೋದದ್ದು ಹೋಯಿತು, ವಾಪಸ್ ಬರುವುದಿಲ್ಲ. ಅಲ್ಲಿ ಸ್ವಲ್ಪ ಹಾಕಿ. ಡಿಲೇಗೆ ಲೆಕ್ಕ ಸರಳ: 60,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ತಾಳ ಅನ್ನುವುದು) ಭಾಗಿಸಿದರೆ ಒಂದು ತಾಳಕ್ಕೆ ಎಷ್ಟು ಮಿಲಿ ಸೆಕೆಂಡ್ ಅಂತ ಸಿಗುತ್ತದೆ. 120ರ ಹಾಡಿಗೆ 500. ಕುಣಿಯುವ ಹಾಗೆ ಎಡವಿಕೊಂಡು ಬರುವ ಡಿಲೇ ಬೇಕಾದರೆ ಅದರ ಮುಕ್ಕಾಲು, 375. ಟ್ಯಾಪ್ ಸ್ವಿಚ್ ಇದ್ದರೆ ಈ ಲೆಕ್ಕವೂ ಬೇಡ, ಕಾಲಲ್ಲಿ ತಟ್ಟಿ.

ಇನ್ನು ಬೋರ್ಡ್ ಕಟ್ಟುವ ಕೆಲಸ. ಬಾಸ್ ಕಂಪನಿಯ ಸಣ್ಣ ಪೆಡಲ್ ಒಂದರ ಅಗಲ 73 ಮಿಲಿಮೀಟರ್, ಉದ್ದ 129. ಏಳು ಸಾಲಾಗಿ ಇಟ್ಟರೆ ಪೆಡಲ್‌ಗಳೇ 51 ಸೆಂಟಿಮೀಟರ್, ಮಧ್ಯೆ ಜ್ಯಾಕ್‌ಗೆ ಜಾಗ ಬಿಡಬೇಕು, ವಾ ಇನ್ನೂ ಅಗಲ. ಹಾಗಾಗಿ ಎರಡು ಸಾಲು ಮಾಡಿ. ಸುಮಾರು ಎರಡು ಅಡಿ ಉದ್ದ, ಒಂದೂಕಾಲು ಅಡಿ ಅಗಲದ ಹಲಗೆ ಸಾಕು. ಹಿಂದಿನ ಸಾಲು ಎರಡು ಇಂಚು ಎತ್ತರ ಇರಲಿ, ಆಗ ಮುಂದಿನದ್ದನ್ನು ಒತ್ತದೆ ಹಿಂದಿನದಕ್ಕೆ ಕಾಲು ಹೋಗುತ್ತದೆ, ಪವರ್ ಸಪ್ಲೈ ಕೂಡ ಅದರ ಅಡಿಯಲ್ಲಿ ಅಡಗುತ್ತದೆ. ಹಾಡಿನ ಮಧ್ಯೆ ಹೆಚ್ಚು ಒತ್ತುವವು ಮುಂದೆ ಬರಲಿ, ಸಿಗ್ನಲಿನ ಸಾಲು ಏನೇ ಇರಲಿ. ಮನೆಯಲ್ಲಿ ಹಲಗೆ ಕೊರೆಯುವ ಮೊದಲು ನೆಲದ ಮೇಲೆ ಪೆಡಲ್ ಜೋಡಿಸಿ, ಸ್ಟೇಜಿಗೆ ಹಾಕುವ ಅದೇ ಶೂ ಹಾಕಿಕೊಂಡು ಒತ್ತಿ ನೋಡಿ. ಬರಿಗಾಲಿನಲ್ಲಿ ನೋಡಿ ಕೊರೆದವರು ಆಮೇಲೆ ಒಂದೇ ಏಟಿಗೆ ಎರಡು ಪೆಡಲ್ ಒತ್ತುತ್ತಾರೆ.

ನನ್ನ ಮೊದಲ ಹಲಗೆ ಅಡುಗೆಮನೆಯ ಕಪಾಟಿಗೆ ತಂದು ಉಳಿದ ಪ್ಲೈವುಡ್. ಎರಡು ಮಳೆಗಾಲಕ್ಕೆ ಅಂಚು ಉಬ್ಬಿ ಹಪ್ಪಳ ಆಯಿತು. ನೀವು ನೀರು ತಡೆಯುವ ಮರೈನ್ ಪ್ಲೈ ಹಾಕಿ, ಇಲ್ಲ ವೆಲ್ಡಿಂಗಿನವರ ಹತ್ತಿರ ಅಲ್ಯೂಮಿನಿಯಂ ಪಟ್ಟಿಯ ಫ್ರೇಮ್ ಮಾಡಿಸಿ. ವೆಲ್ಕ್ರೋ ಅಂಟಿಸುವಾಗ ಒರಟು ಬದಿ ಪೆಡಲಿಗೆ, ಮೆತ್ತನೆಯದು ಹಲಗೆಗೆ. ನಮ್ಮ ಸೆಖೆಗೆ ಅದರ ಗೋಂದು ಕರಗಿ ಜಾರುತ್ತದೆ. ಅಂಟಿಸುವ ಮೊದಲು ಪೆಡಲಿನ ತಳವನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಅಂಟಿಸಿ ಒಂದು ದಿನ ಭಾರ ಹೇರಿ ಬಿಡಿ. ಅದೂ ನಿಲ್ಲದಿದ್ದರೆ ಹಳೇ ಸೈಕಲ್ ಚೈನಿನ ಕೊಂಡಿ. ಒಂದು ತೂತು ಪೆಡಲಿನ ತಳದ ಸ್ಕ್ರೂಗೆ, ಇನ್ನೊಂದು ತೂತು ಹಲಗೆಗೆ. ಸೈಕಲ್ ಅಂಗಡಿಯಲ್ಲಿ ಸುಮ್ನೆ ಕೊಡುತ್ತಾರೆ. ನನ್ನ ವಾ ಹತ್ತು ವರ್ಷದಿಂದ ಹಾಗೇ ನಿಂತಿದೆ.

ಪೆಡಲಿಂದ ಪೆಡಲಿಗೆ ಹೋಗುವ ತುಂಡು ವೈರ್, ಅಂದರೆ ಪ್ಯಾಚ್ ಕೇಬಲ್ ಬಗ್ಗೆ ಸ್ವಲ್ಪ ಜಿಪುಣತನ ಬಿಡಿ. ಏಳು ಪೆಡಲ್‌ಗೆ ಆರು ಪ್ಯಾಚ್, ಎರಡು ಉದ್ದದ ವೈರ್, ಒಟ್ಟು ಹದಿನಾರು ಜ್ಯಾಕ್ ತುದಿ. ಹದಿನಾರರಲ್ಲಿ ಒಂದು ಕೈಕೊಟ್ಟರೆ ಎಲ್ಲವೂ ಬಂದ್. ಆರು ಬಣ್ಣದ ಪ್ಲಾಸ್ಟಿಕ್ ಪ್ಯಾಚ್‌ಗಳ ಅಗ್ಗದ ಕಟ್ಟು ಬರುತ್ತದಲ್ಲ, ಅದನ್ನು ಸ್ಟೇಜಿಗೆ ತರಬೇಡಿ. ಜೋಡಿಸಿದ ಮೇಲೆ ಜೋರಾಗಿ ವಾಲ್ಯೂಮ್ ಇಟ್ಟು ಒಂದೊಂದು ಜ್ಯಾಕನ್ನೂ ಅಲ್ಲಾಡಿಸಿ. ಚಟಚಟ ಅಂದದ್ದನ್ನು ಆವತ್ತೇ ತೆಗೆದು ಬಿಸಾಡಿ, "ಮುಂದಿನ ಸಲ ನೋಡುವಾ" ಬೇಡ. ನಮ್ಮ ಕಡಲ ಗಾಳಿಯಲ್ಲಿ ಉಪ್ಪು ಇರುವುದರಿಂದ ಜ್ಯಾಕ್‌ಗೆ ಬೇಗ ಹಸಿರು ಕಿಲುಬು ಹಿಡಿಯುತ್ತದೆ. ಜೂನ್‌ಗೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಎಲ್ಲ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿ. ಮಳೆಗಾಲದಲ್ಲಿ ಕಾರ್ಯಕ್ರಮ ಹೇಗೂ ಕಡಿಮೆ. ಬೋರ್ಡನ್ನು ಸ್ಪಂಜಿನ ಕೇಸ್ ಒಳಗೆ ಮುಚ್ಚಿಡಬೇಡಿ, ಸ್ಪಂಜ್ ನೀರು ಕುಡಿಯುತ್ತದೆ. ಹೊರಗಿಟ್ಟು ಬಟ್ಟೆ ಹೊದಿಸಿ, ಇಲ್ಲ ಕೇಸ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಬ್ಯಾಗಿನಲ್ಲಿ ಎರಡು ಹೆಚ್ಚುವರಿ ಪ್ಯಾಚ್, ಒಂದು 9 ವೋಲ್ಟ್ ಬ್ಯಾಟರಿ, ಒಂದು ಹೆಚ್ಚುವರಿ ಗಿಟಾರ್ ವೈರ್ ಇರಲಿ. ಬೋರ್ಡ್ ಪೂರ್ತಿ ಸತ್ತರೆ ಹುಡುಕುತ್ತಾ ಕೂರಬೇಡಿ. ಬ್ಯಾಟರಿ ಹಾಕಿದ ಓವರ್‌ಡ್ರೈವ್ ಒಂದನ್ನೇ ಗಿಟಾರ್ ಮತ್ತು ಸೋಸಣಿಗೆಯ ಮಧ್ಯೆ ಚುಚ್ಚಿ ಆ ಹಾಡು ಮುಗಿಸಿ. ಸೋಸಣಿಗೆಗೂ ಕರೆಂಟ್ ಇಲ್ಲವಾದರೆ ಡಿಐ ಬಾಕ್ಸಿಗೆ ಕ್ಲೀನ್ ಕೊಡಿ. ಹೊಸ ಕ್ರಮದಲ್ಲಿ ಆ ಪೆಡಲ್ ಎಲ್ಲಿ ಅಂತ ಕತ್ತಲಲ್ಲೂ ಕೈಗೆ ಗೊತ್ತಿರಬೇಕು.

ಮಲ್ಟಿ ಎಫೆಕ್ಟ್ಸ್ ವಿಷಯಕ್ಕೆ ಬಂದರೆ, ನನಗೆ ಅದರ ಮೇಲೆ ದ್ವೇಷ ಏನಿಲ್ಲ. ರಸಮಂಜರಿಯಲ್ಲಿ ಒಂದು ರಾತ್ರಿಗೆ ಮೂವತ್ತು ಹಾಡು, ಒಂದು ಹಾಡಿಗೆ ಕ್ಲೀನ್ ಕೋರಸ್, ಮುಂದಿನದಕ್ಕೆ ಡಿಸ್ಟಾರ್ಷನ್ ಮತ್ತು ಡಿಲೇ ಒಟ್ಟಿಗೆ. ಒಂದೇ ಒತ್ತಿಗೆ ಎಲ್ಲ ಬದಲಾಗುವುದು ನಿಜಕ್ಕೂ ಅನುಕೂಲ. ಕ್ಯಾಬಿನೆಟ್ ಸಿಮ್ಯುಲೇಟರ್ ಅದರೊಳಗೇ ಬರುತ್ತದೆ, ಕೇಬಲ್ ಎರಡೇ. ನೀವು ಈಗಷ್ಟೇ ಶುರು ಮಾಡುವವರಾಗಿದ್ದರೆ ನಾನು ಅದನ್ನೇ ತೆಗೆದುಕೊಳ್ಳಿ ಅನ್ನುತ್ತಿದ್ದೆ. ಆದರೆ ಏಳು ಪೆಡಲ್ ಆಗಲೇ ಕೈಯಲ್ಲಿದೆ, ಮಾರಿದರೆ ಅರ್ಧ ಬೆಲೆ ಸಿಕ್ಕಿದರೆ ಪುಣ್ಯ. ಮತ್ತೆ, ನಾಬ್ ತಪ್ಪಾಗಿ ಇಟ್ಟವರಿಗೆ ಮಲ್ಟಿ ಎಫೆಕ್ಟ್ಸ್ ಕೊಟ್ಟರೆ ತಪ್ಪು ಇಡಲು ನೂರು ನಾಬ್ ಕೊಟ್ಟ ಹಾಗೆ. ಪವರ್ ಸಪ್ಲೈ ಮತ್ತು ಸೋಸಣಿಗೆ ಹಾಕಿ ಆರು ತಿಂಗಳು ನುಡಿಸಿ. ಆಗಲೂ ಕಾಲು ಸಾಲದು ಅನ್ನಿಸಿದರೆ ಬರೆಯಿರಿ, ಮಾತಾಡುವಾ.

ಇನ್ನು ವಾ ಪೆಡಲಿನ ಕರಕರ. ತಳದ ನಾಲ್ಕು ಸ್ಕ್ರೂ ಬಿಚ್ಚಿ. ಒಳಗೆ ಹಲ್ಲಿನ ಪಟ್ಟಿಯೊಂದು ಸಣ್ಣ ಚಕ್ರವನ್ನು ತಿರುಗಿಸುತ್ತಾ ಇರುತ್ತದೆ, ಆ ಚಕ್ರ ಕೂತಿರುವುದು ರೇಡಿಯೋ ವಾಲ್ಯೂಮಿನಂಥ ಒಂದು ಪಾಟ್ ಮೇಲೆ. ಧೂಳು ಹೋಗಿರುವುದು ಅದರೊಳಗೆ. ಪಾಟ್‌ನ ಪಕ್ಕದ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಸಲ ಪುಸ್ ಅನ್ನಿಸಿ, ಪೆಡಲನ್ನು ಇಪ್ಪತ್ತು ಮೂವತ್ತು ಸಲ ಪೂರ್ತಿ ಮೇಲೆ ಕೆಳಗೆ ಮಾಡಿ, ಅರ್ಧ ಗಂಟೆ ಒಣಗಲು ಬಿಡಿ. ತುಕ್ಕಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಅದು ಜಿಡ್ಡು ಬಿಟ್ಟು ಇನ್ನಷ್ಟು ಧೂಳು ಹಿಡಿಯುತ್ತದೆ. ಇದರಿಂದ ಹೋಗದಿದ್ದರೆ ಪಾಟ್ ಸವೆದಿದೆ ಅಂತ ಅರ್ಥ. ಹೊಸದು ಹಾಕಿಸಬೇಕು, ಬೆಸುಗೆ ಗೊತ್ತಿರುವ ಟಿವಿ ರಿಪೇರಿಯವರೂ ಹಾಕಿಕೊಡುತ್ತಾರೆ. ಬಿಚ್ಚುವ ಮೊದಲು ಪೆಡಲನ್ನು ಪೂರ್ತಿ ಕೆಳಗೆ ಒತ್ತಿ, ಚಕ್ರದ ಯಾವ ಹಲ್ಲು ಪಟ್ಟಿಯ ಯಾವ ಹಲ್ಲಿಗೆ ಕೂತಿದೆ ಅಂತ ಮಾರ್ಕರ್‌ನಲ್ಲಿ ಗುರುತು ಮಾಡಿಟ್ಟುಕೊಳ್ಳಲು ಅವರಿಗೆ ಹೇಳಿ.